ಬೆರಳ ತುದಿಯ ರಕ್ತಪೂರೈಕೆ ಮತ್ತು ಪಲ್ಸ್ ಆಕ್ಸಿಮೀಟರ್: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಸಂಗತಿಗಳು

(ಕಿಬ್ಬನಹಳ್ಳಿ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಾಠ)



ಕೋವಿಡ್ ಬರುವುದಕ್ಕೆ ಮುಂಚೆ ಪಲ್ಸ್ ಆಕ್ಸಿಮೀಟರ್ ಎಂಬುದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ತೀವ್ರ ನಿಗಾ ಘಟಕದಲ್ಲಿಯೂ ಹೆಚ್ಚಾಗಿ ಕಾಣುತ್ತಿದ್ದ ಉಪಕರಣ. 2020 ಮತ್ತು 2021ರ ಎರಡು ವರ್ಷಗಳಲ್ಲಿ ಅದು ಹಳ್ಳಿಯ ಮನೆಬಾಗಿಲಿಗೆ ಬಂದಿತು. 2021ರ ಮೇ 16ರಂದು ಕೇಂದ್ರ ಆರೋಗ್ಯ ಮಂತ್ರಾಲಯವು ಗ್ರಾಮೀಣ ಪ್ರದೇಶಗಳಿಗಾಗಿ ಹೊರಡಿಸಿದ ಕಾರ್ಯವಿಧಾನದಲ್ಲಿ, ಸೋಂಕಿತರಿರುವ ಕುಟುಂಬಗಳಿಗೆ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಮತ್ತು ಸ್ವಯಂಸೇವಕರ ಮೂಲಕ ಆಕ್ಸಿಮೀಟರ್ ಮತ್ತು ಉಷ್ಣಮಾಪಕಗಳನ್ನು ಎರವಲು ಕೊಡುವ ವ್ಯವಸ್ಥೆ ಮಾಡಬೇಕೆಂದೂ ಪ್ರತಿ ಬಳಕೆಯ ನಂತರ ಸ್ಯಾನಿಟೈಸರಿನಿಂದ ಒರೆಸಬೇಕೆಂದೂ ತಿಳಿಸಲಾಗಿತ್ತು. ಗ್ರಾಮ ಪಂಚಾಯಿತಿ ಕಾರ್ಯಪಡೆಗಳು ಆ ಕೆಲಸವನ್ನು ಹೊತ್ತುಕೊಂಡವು. ತೊಂಬತ್ತೈದಕ್ಕಿಂತ ಮೇಲಿದ್ದರೆ ಮನೆ, ತೊಂಬತ್ತಕ್ಕಿಂತ ಕೆಳಗಿಳಿದರೆ ಆಸ್ಪತ್ರೆ ಎಂಬ ಲೆಕ್ಕ ಅಕ್ಷರ ಬಾರದ ಹಿರಿಯರ ಬಾಯಲ್ಲಿಯೂ ನಿಂತಿತು.

ಆ ಲೆಕ್ಕ ಅನೇಕ ಜೀವಗಳನ್ನು ಉಳಿಸಿದೆ. ಆದರೆ ಅದೇ ಲೆಕ್ಕ ಈಗ ಇನ್ನೊಂದು ಅಪಾಯಕ್ಕೆ ದಾರಿಯಾಗುವ ಸಂಭವವಿದೆ. ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ತೋಟದ ಕೂಲಿಗೆ ಹೋಗುವ ಯುವಕನೊಬ್ಬನಿಗೆ ಡೆಂಗ್ಯೂ ತಗುಲಿದೆ. ಐದನೆಯ ದಿನ ಜ್ವರ ಇಳಿಯುತ್ತದೆ. ಮನೆಯವರು ಸಮಾಧಾನಪಡುತ್ತಾರೆ. ಅವನಿಗೆ ಸುಸ್ತು, ಹೊಟ್ಟೆನೋವು, ಕೈಕಾಲು ತಣ್ಣಗೆ. ಬೆರಳಿಗೆ ಉಪಕರಣ ಹಾಕಿದರೆ 98 ಎಂದು ತೋರಿಸುತ್ತದೆ. ‘ಆಕ್ಸಿಜನ್ ಚೆನ್ನಾಗಿದೆ, ಬೆಳಗ್ಗೆ ನೋಡೋಣ’ ಎಂದು ಮನೆಯವರು ಮಲಗಿಬಿಟ್ಟರೆ, ಆ ರಾತ್ರಿಯೇ ಅವನ ಪ್ರಾಣಕ್ಕೆ ಸಂಚಕಾರ ಬರಬಹುದು. ಉಪಕರಣ ತೋರಿಸಿದ ಅಂಕಿ ಸುಳ್ಳಲ್ಲ. ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ತಿಳಿಯದೇ ಹೋದದ್ದೇ ತಪ್ಪು. ಈ ಉಪನ್ಯಾಸದ ಉದ್ದೇಶ ಆ ಪ್ರಶ್ನೆಯನ್ನು ಸ್ಪಷ್ಟಪಡಿಸುವುದು.

ಎರಡು ಬೇರೆ ಪ್ರಶ್ನೆಗಳು

ದೇಹದ ಪ್ರತಿಯೊಂದು ಅಂಗಕ್ಕೂ ಆಮ್ಲಜನಕ ತಲಪಬೇಕಾದರೆ ಎರಡು ಕಾರ್ಯಗಳು ನಡೆಯಬೇಕು. ಶ್ವಾಸಕೋಶದಲ್ಲಿ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಂಡ ರಕ್ತ ಸಾಕಷ್ಟು ಪ್ರಮಾಣದಲ್ಲಿ ಅಂಗಾಂಗಗಳಿಗೆ ಹರಿಯಬೇಕು. ಮೊದಲನೆಯದು ತುಂಬುವಿಕೆಯ ಪ್ರಶ್ನೆ, ಎರಡನೆಯದು ಪೂರೈಕೆಯ ಪ್ರಶ್ನೆ. ಉಪಕರಣದ ಮೇಲೆ ಎಸ್.ಪಿ.ಒ.2 ಎಂದು ಬರೆದಿರುವ ದೊಡ್ಡ ಅಂಕಿ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಅನೇಕ ಉಪಕರಣಗಳಲ್ಲಿ ಅದರ ಪಕ್ಕದಲ್ಲಿಯೇ ಪಿ.ಐ. ಎಂಬ ಸಣ್ಣ ಅಂಕಿಯೊಂದು ಕಾಣುತ್ತದೆ. ಪರ್ಫ್ಯೂಷನ್ ಇಂಡೆಕ್ಸ್, ಅಂದರೆ ರಕ್ತಪೂರೈಕೆಯ ಸೂಚ್ಯಂಕ ಎಂಬುದು ಅದರ ಪೂರ್ಣರೂಪ. ಯಾರೂ ಓದದೆ ಬಿಡುವ ಆ ಅಂಕಿ ಎರಡನೆಯ ಪ್ರಶ್ನೆಯತ್ತ ಬೆರಳು ತೋರಿಸುತ್ತದೆ.

ತೆಂಗಿನ ಸೀಮೆಯ ರೈತರಿಗೆ ಈ ಭೇದವನ್ನು ವಿವರಿಸುವುದು ಕಷ್ಟವಲ್ಲ. ಕೊಳವೆ ಬಾವಿಯ ನೀರು ಸಿಹಿಯೋ ಸವಳೋ ಎಂಬುದು ಒಂದು ಪರೀಕ್ಷೆ; ತೋಟದ ಕಟ್ಟಕಡೆಯ ಮರದ ಪಾತಿಗೆ ನೀರು ಮುಟ್ಟಿತೋ ಇಲ್ಲವೋ ಎಂಬುದು ಇನ್ನೊಂದು. ನೀರು ಎಷ್ಟೇ ಸಿಹಿಯಾಗಿದ್ದರೂ ಮೋಟಾರಿನ ಒತ್ತಡ ಕುಸಿದರೆ ಕಡೆಯ ಸಾಲಿನ ಮರವೇ ಮೊದಲು ಸೊರಗುತ್ತದೆ. ದೇಹದ ರೀತಿಯೂ ಹೀಗೆಯೇ. ರಕ್ತಸ್ರಾವ, ಭೇದಿ, ತೀವ್ರ ಸೋಂಕು, ಹೃದಯದ ದೌರ್ಬಲ್ಯ ಮುಂತಾದ ಕಾರಣಗಳಿಂದ ಹರಿವು ಕುಂದಿದಾಗ ದೇಹವು ಮಿದುಳು ಮತ್ತು ಹೃದಯಗಳನ್ನು ಕಾಪಾಡಲು ಚರ್ಮದ ಹಾಗೂ ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆದ್ದರಿಂದ ಬೆರಳ ತುದಿ ತೋಟದ ಕಡೆಯ ಪಾತಿಯಿದ್ದಂತೆ. ಕೊರತೆ ಮೊದಲು ಕಾಣಿಸಿಕೊಳ್ಳುವುದು ಅಲ್ಲಿ.

ಬೆಳಕಿನಿಂದ ಅಳೆಯುವ ಬಗೆ

ಉಪಕರಣದ ಒಂದು ದವಡೆಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು ಸುಮಾರು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು, ಇನ್ನೊಂದು ಸುಮಾರು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೂಸುತ್ತದೆ. ಇವು ಒಂದು ಸೆಕೆಂಡಿಗೆ ನೂರಾರು ಬಾರಿ ಸರದಿಯಂತೆ ಹೊತ್ತಿ ಆರುತ್ತವೆ. ಎದುರಿನ ದವಡೆಯಲ್ಲಿರುವ ಗ್ರಾಹಕವು ಬೆರಳನ್ನು ಹಾದುಬಂದ ಬೆಳಕನ್ನು ಅಳೆಯುತ್ತದೆ. ಎರಡೂ ದೀಪಗಳು ಆರಿರುವ ಕ್ಷಣದಲ್ಲಿ ಹೊರಗಿನ ಬೆಳಕೆಷ್ಟು ಎಂಬುದನ್ನೂ ಅಳೆದು ಕಳೆಯುತ್ತದೆ.

ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೆಚ್ಚಾಗಿ ಹೀರಿಕೊಂಡು ಕೆಂಪನ್ನು ದಾಟಗೊಡುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕೆಂಪನ್ನೇ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಎರಡೂ ಬೆಳಕುಗಳು ಎಷ್ಟೆಷ್ಟು ಹೀರಲ್ಪಟ್ಟವು ಎಂದು ಹೋಲಿಸಿದರೆ ರಕ್ತದ ಸ್ಥಿತಿ ತಿಳಿಯುತ್ತದೆ. ಆದರೆ ಬೆರಳಲ್ಲಿ ರಕ್ತವೊಂದೇ ಇಲ್ಲ. ಚರ್ಮ, ಉಗುರು, ಮೂಳೆ, ಮಾಂಸ, ಅಭಿಧಮನಿಗಳಲ್ಲಿ ಹಿಂದಿರುಗುತ್ತಿರುವ ರಕ್ತ, ಎಲ್ಲವೂ ಬೆಳಕನ್ನು ಹೀರುತ್ತವೆ. ಇವುಗಳ ನಡುವೆ ಅಪಧಮನಿಯ ರಕ್ತವನ್ನು ಮಾತ್ರ ಬೇರ್ಪಡಿಸುವುದು ಹೇಗೆ ಎಂಬುದೇ ದೀರ್ಘಕಾಲದ ತೊಡಕಾಗಿತ್ತು.

ಈ ತೊಡಕನ್ನು ಬಿಡಿಸಿದವರು ಜಪಾನಿನ ನಿಹೊನ್ ಕೊಹ್ಡೆನ್ ಸಂಸ್ಥೆಯ ಎಂಜಿನಿಯರ್ ತಕುಒ ಅಒಯಾಗಿ. ಕಿವಿಯ ಮೂಲಕ ಬೆಳಕು ಹಾಯಿಸಿ ಹೃದಯವು ಹೊರದೂಡುವ ರಕ್ತದ ಪ್ರಮಾಣವನ್ನು ಅಳೆಯುವ ಪ್ರಯೋಗದಲ್ಲಿ ಅವರು ತೊಡಗಿದ್ದರು. ನಾಡಿಮಿಡಿತದಿಂದ ಬೆಳಕು ಏರಿಳಿಯುತ್ತ ಅವರ ಅಳತೆ ಕೆಡುತ್ತಿತ್ತು. ಆ ಏರಿಳಿತವನ್ನು ತೊಡೆದುಹಾಕಲು ಯತ್ನಿಸುತ್ತಿದ್ದಾಗ, ಮಿಡಿಯುತ್ತಿರುವುದು ಅಪಧಮನಿಯ ರಕ್ತ ಮಾತ್ರವಾದ್ದರಿಂದ ಆ ಏರಿಳಿತವೇ ಬೇಕಾದ ಮಾಹಿತಿ ಎಂಬುದು ಅವರಿಗೆ ಹೊಳೆಯಿತು. 1974ರಲ್ಲಿ ಈ ವಿಚಾರ ಜಪಾನಿನಲ್ಲಿ ಪ್ರಕಟವಾಯಿತು. ಅಡಚಣೆಯೆಂದು ಕಂಡದ್ದೇ ಉಪಕರಣದ ಜೀವಾಳವಾಯಿತು. ತಾವು ರೂಪಿಸಿದ ವಿಧಾನ ಕೋಟ್ಯಂತರ ಮನೆಗಳನ್ನು ತಲಪುತ್ತಿದ್ದ 2020ರ ಏಪ್ರಿಲ್ ತಿಂಗಳಿನಲ್ಲಿಯೇ ಅಒಯಾಗಿ ನಿಧನರಾದರು.

ಹೃದಯದ ಪ್ರತಿ ಬಡಿತಕ್ಕೂ ಬೆರಳಿನೊಳಗೆ ಅಪಧಮನಿಯ ರಕ್ತ ತುಸು ಹೆಚ್ಚುತ್ತದೆ, ದಾಟಿಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಬಡಿತದ ನಂತರ ಮತ್ತೆ ಹೆಚ್ಚುತ್ತದೆ. ಹೀಗೆ ಗ್ರಾಹಕಕ್ಕೆ ಬರುವ ಬೆಳಕಿನಲ್ಲಿ ಸ್ಥಿರವಾದ ದೊಡ್ಡ ಪಾಲೊಂದು, ಮಿಡಿಯುವ ಸಣ್ಣ ಪಾಲೊಂದು ಇರುತ್ತವೆ. ಕೆಂಪು ಮತ್ತು ಅವಕೆಂಪು ಬೆಳಕುಗಳ ಮಿಡಿಯುವ ಪಾಲುಗಳನ್ನು ಹೋಲಿಸಿ ಉಪಕರಣವು ಎಸ್.ಪಿ.ಒ.2 ಅಂಕಿಯನ್ನು ಕಂಡುಕೊಳ್ಳುತ್ತದೆ. ಈ ಅನುಪಾತವು ಸುಮಾರು ಅರ್ಧವಿದ್ದರೆ ಅಂಕಿ 100ರ ಸಮೀಪ, ಒಂದಿದ್ದರೆ ಸುಮಾರು 85.

ಪಿ.ಐ. ಲೆಕ್ಕ ಇನ್ನೂ ಸರಳ. ಅವಕೆಂಪು ಬೆಳಕಿನ ಮಿಡಿಯುವ ಪಾಲನ್ನು ಸ್ಥಿರ ಪಾಲಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿಯೇ ಪಿ.ಐ. ಗ್ರಾಹಕಕ್ಕೆ 1,000 ಅಂಶ ಬೆಳಕು ಬರುತ್ತಿದ್ದು ಮಿಡಿತದೊಂದಿಗೆ ಅದು 20 ಅಂಶದಷ್ಟು ಏರಿಳಿದರೆ ಪಿ.ಐ. 2, ಕೇವಲ 3 ಅಂಶ ಏರಿಳಿದರೆ 0.3. ಉಪಕರಣಗಳು ಸಾಮಾನ್ಯವಾಗಿ 0.02ರಿಂದ 20ರವರೆಗಿನ ಅಂಕಿಗಳನ್ನು ತೋರಿಸಬಲ್ಲವು. ಅಂಕಿ ಸಣ್ಣದಾದಷ್ಟೂ ಬೆರಳಿನಲ್ಲಿ ಮಿಡಿಯುವ ರಕ್ತ ಕಡಿಮೆ ಎಂದರ್ಥ.

ಪಿ.ಐ. ಓದುವಾಗ ಇರಬೇಕಾದ ಎಚ್ಚರ

ಪಿ.ಐ. ಗೆ ಎಲ್ಲರಿಗೂ ಅನ್ವಯಿಸುವ ಗೆರೆಯಿಲ್ಲ. 2002ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ತೀವ್ರ ನಿಗಾ ಘಟಕದ ರೋಗಿಗಳಿಗೆ 1.4 ಎಂಬ ಗಡಿಯನ್ನು ಸೂಚಿಸಲಾಯಿತು. ಆದರೆ ಅದೇ ಅಧ್ಯಯನದಲ್ಲಿ ಆರೋಗ್ಯವಂತರ ನಡುಮಟ್ಟದ ಅಂಕಿಯೂ ಅಷ್ಟೇ ಇತ್ತು. ಅಂದರೆ ಅರ್ಧದಷ್ಟು ಆರೋಗ್ಯವಂತರು ಅದಕ್ಕಿಂತ ಕೆಳಗಿದ್ದರು. ಒಬ್ಬನೇ ವ್ಯಕ್ತಿಯ ಬೆರಳಿಂದ ಬೆರಳಿಗೆ, ಬೆಳಗಿನಿಂದ ಮಧ್ಯಾಹ್ನಕ್ಕೆ ಅಂಕಿ ಬದಲಾಗುತ್ತದೆ. ಮಾಗಿಯ ಚಳಿಯಲ್ಲಿ ಹೊರಗಿನಿಂದ ಬಂದವನ ಬೆರಳು 0.4 ತೋರಿಸಿ, ಕೈ ಬೆಚ್ಚಗಾದ ನಂತರ 3ಕ್ಕೆ ಏರುವುದು ಅಸಹಜವೇನಲ್ಲ. ಆದ್ದರಿಂದ ಒಂದೇ ಸಲದ ಅಂಕಿಯಿಂದ ತೀರ್ಮಾನಕ್ಕೆ ಬರಲಾಗದು. ಅದೇ ವ್ಯಕ್ತಿಯ ಅದೇ ಬೆರಳಿನಲ್ಲಿ ಬೆಚ್ಚಗಿರುವಾಗಲೂ ಅಂಕಿ ಕುಸಿಯುತ್ತ ಹೋದರೆ ಅದು ಎಚ್ಚರಿಕೆಯ ಗಂಟೆ.

ಇದಲ್ಲದೆ ಪಿ.ಐ. ಮೊದಲನೆಯ ಅಂಕಿಗೆ ಸಾಕ್ಷಿಯೂ ಹೌದು. ಮಿಡಿತ ಅತ್ಯಲ್ಪವಾದಾಗ ಉಪಕರಣವು ಬೆರಳಿನ ಅಲುಗಾಟವನ್ನೇ ನಾಡಿಯೆಂದು ಭ್ರಮಿಸಬಹುದು. ಆಗ ಎರಡು ಬೆಳಕುಗಳ ಏರಿಳಿತವೂ ಸಮವಾಗಿ, ಅಂಕಿ 85ರ ಕಡೆಗೆ ವಾಲುತ್ತದೆ. ಪಿ.ಐ. ತೀರ ಕಡಿಮೆಯಿದ್ದಾಗ ಕಂಡ 86ನ್ನಾಗಲಿ 97ನ್ನಾಗಲಿ ಸುಮ್ಮನೆ ನಂಬಲಾಗದು. ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ, ಉಪಕರಣ ತೋರಿಸುವ ನಾಡಿಯ ಸಂಖ್ಯೆಯೊಂದಿಗೆ ಹೋಲಿಸುವುದು ಖರ್ಚಿಲ್ಲದ ಒಳ್ಳೆಯ ಪರೀಕ್ಷೆ. ಎರಡೂ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನು ವಹಿಯಲ್ಲಿ ಬರೆಯಬಾರದು.

ಪಿ.ಐ. ತೋರಿಸದ ಉಪಕರಣಗಳಲ್ಲಿ ಏರಿಳಿಯುವ ಪಟ್ಟಿಯೋ ಅಲೆಯೋ ಇರುತ್ತದೆ. ಪಟ್ಟಿ ಮಿಡಿತದ ಬಲವನ್ನು ಸ್ಥೂಲವಾಗಿ ಸೂಚಿಸುತ್ತದೆ. ಆದರೆ ಅನೇಕ ಉಪಕರಣಗಳು ಸಣ್ಣ ಅಲೆಯನ್ನೂ ಪರದೆಗೆ ತಕ್ಕಂತೆ ಹಿಗ್ಗಿಸಿ ತೋರಿಸುವುದರಿಂದ, ಅಲೆಯ ಎತ್ತರ ಕಂಡು ಸಮಾಧಾನಪಡುವಂತಿಲ್ಲ.

98 ಎಂಬ ಅಂಕಿ ಮರೆಮಾಚುವ ಅಪಾಯಗಳು

ಮೊದಲನೆಯದು, ಆಗಲೇ ಹೇಳಿದ ಡೆಂಗ್ಯೂ. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದೆ. ಈ ರೋಗದಲ್ಲಿ ಅಪಾಯದ ಹಂತ ಬರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ. ರಕ್ತನಾಳಗಳಿಂದ ದ್ರವ ಸೋರಿ ಹರಿವು ಕುಸಿಯುತ್ತದೆ. ಶ್ವಾಸಕೋಶ ಚೆನ್ನಾಗಿರುವುದರಿಂದ ಎಸ್.ಪಿ.ಒ.2 ಮಾತ್ರ ಕದಲುವುದಿಲ್ಲ.

ಎರಡನೆಯದು ಹೆರಿಗೆಯ ನಂತರದ ರಕ್ತಸ್ರಾವ ಮತ್ತು ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಎಸ್.ಪಿ.ಒ.2 ಎಂಬುದು ಇರುವ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕವೇ ಹೊರತು, ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಲೆಕ್ಕವಲ್ಲ. ಅಟ್ಟದಲ್ಲಿ ಹತ್ತೇ ಕಾಯಿ ಇದ್ದು ಹತ್ತೂ ಒಳ್ಳೆಯ ಕೊಬ್ಬರಿಯಾದರೆ ನೂರಕ್ಕೆ ನೂರು ಎನ್ನಬಹುದು. ಮಾರುಕಟ್ಟೆಗೆ ಒಯ್ಯಲು ಮಾತ್ರ ಏನೂ ಇರದು. ಬಾಣಂತಿಗೆ ರಕ್ತ ಹೋಗುತ್ತಿರುವಾಗ 99 ಎಂಬ ಅಂಕಿ ಸಾಂತ್ವನವಲ್ಲ.

ಮೂರನೆಯದು ಇಂಗಾಲದ ಮಾನಾಕ್ಸೈಡ್ ಅನಿಲ. ತೆಂಗಿನ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವಲ್ಲಿ, ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸುವಲ್ಲಿ, ಬಾಣಂತಿಯ ಕೋಣೆಯ ಕದ ಕಿಟಕಿಗಳನ್ನು ಭದ್ರಪಡಿಸಿ ಕೆಂಡ ಇಡುವಲ್ಲಿ ಈ ಅನಿಲ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ ಅನ್ನು ಅದು ಆಮ್ಲಜನಕಕ್ಕಿಂತ ನೂರಾರು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಎರಡೇ ಬೆಳಕುಗಳ ಸಾಮಾನ್ಯ ಆಕ್ಸಿಮೀಟರ್ ಅಂತಹ ರಕ್ತವನ್ನು ಆಮ್ಲಜನಕ ತುಂಬಿದ ರಕ್ತವೆಂದೇ ಭಾವಿಸಿ, ಉಸಿರುಕಟ್ಟುತ್ತಿರುವವನಿಗೂ 98 ಎಂದು ತೋರಿಸುತ್ತದೆ. ಹೊಗೆಯ ನಡುವೆ ತಲೆನೋವು, ವಾಂತಿ, ಮಂಪರು ಕಂಡವರನ್ನು ಮೊದಲು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸೇರಿಸಬೇಕು. ಉಪಕರಣದ ತೀರ್ಪಿಗೆ ಕಾಯಬಾರದು.

ನಾಲ್ಕನೆಯದು ಹಾವಿನ ಕಡಿತ. 2024ರ ಫೆಬ್ರವರಿಯಲ್ಲಿ ಕರ್ನಾಟಕವು ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ನಾಗರಹಾವು, ಕಟ್ಟುಹಾವುಗಳ ವಿಷ ಉಸಿರಾಟದ ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆ. ಅಂಕಿ ಇಳಿಯುವ ಹೊತ್ತಿಗೆ ಸಮಯ ಮೀರಿರುತ್ತದೆ.

ಕೈಯ ಬಣ್ಣ, ಕೈಯ ಕೆಲಸ

ಉಪಕರಣದ ಲೆಕ್ಕವನ್ನು ಆರೋಗ್ಯವಂತ ಸ್ವಯಂಸೇವಕರ ಮೇಲೆ ಪ್ರಯೋಗಿಸಿ ಸಿದ್ಧಪಡಿಸಲಾಗುತ್ತದೆ. ಆ ಸ್ವಯಂಸೇವಕರಲ್ಲಿ ಬಿಳಿಯ ಚರ್ಮದವರೇ ಹೆಚ್ಚಾಗಿದ್ದುದರ ಪರಿಣಾಮ 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರ ವರದಿಯಿಂದ ಎಲ್ಲರ ಗಮನಕ್ಕೆ ಬಂದಿತು. ಉಪಕರಣ 92ರಿಂದ 96 ಎಂದು ತೋರಿಸುತ್ತಿದ್ದಾಗಲೇ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕೆಳಗಿದ್ದ ಮಾಪನಗಳು ಬಿಳಿಯರಲ್ಲಿ ಶೇ. 3.6, ಕಪ್ಪುಜನರಲ್ಲಿ ಶೇ. 11.7 ಇದ್ದವು. ಬಿಸಿಲಲ್ಲಿ ದುಡಿಯುವ ಕಪ್ಪು ಮೈಬಣ್ಣದ ಶ್ರಮಿಕರೇ ಹೆಚ್ಚಿರುವ ಗ್ರಾಮಗಳಲ್ಲಿ ಈ ಸಂಗತಿಯನ್ನು ನೆನಪಿಡಬೇಕು. ಉಸಿರು ಏದುತ್ತಿರುವ ವ್ಯಕ್ತಿಗೆ ಅಂಕಿ 94 ಎಂದು ಕಂಡರೆ, ನಂಬಬೇಕಾದುದು ಉಸಿರನ್ನು.

ಕಾಯಿ ಸುಲಿಯುವವರ, ನಾರು ತೆಗೆಯುವವರ ಬೆರಳುಗಳ ಚರ್ಮ ಗಡಸಾಗಿರುತ್ತದೆ. ಅಂಥವರಲ್ಲಿ ಗಟ್ಟಿಯಾಗದ ಬೇರೆ ಬೆರಳನ್ನು ಆರಿಸಿ, ತೊಳೆದು ಒರೆಸಿ ಅಳೆಯಬೇಕು. ಕಪ್ಪು ಅಥವಾ ನೀಲಿ ಉಗುರುಬಣ್ಣವನ್ನು ತೆಗೆಸಬೇಕು. ಅಳೆಯುವ ಮುನ್ನ ಐದು ನಿಮಿಷ ಕೂರಿಸಿ, ತಣ್ಣನೆಯ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ಎದೆಯ ಮಟ್ಟದಲ್ಲಿ ಅಲುಗಿಸದೆ ಇರಿಸಿ, ನೇರ ಬಿಸಿಲು ಬೀಳದಂತೆ ನೋಡಿಕೊಂಡು, ಅಂಕಿ ನಿಲ್ಲುವವರೆಗೆ ಸುಮಾರು ಒಂದು ನಿಮಿಷ ಕಾಯಬೇಕು. ಅದೇ ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದಿದ್ದರೆ ರಕ್ತಸಂಚಾರ ನಿಂತು ಅಳತೆ ಕೆಡುತ್ತದೆ. ದೊಡ್ಡವರ ಉಪಕರಣ ಹಸುಗೂಸಿನ ಬೆರಳಿಗೆ ಹೊಂದುವುದಿಲ್ಲ.

ಉಪಕರಣವಿಲ್ಲದೆಯೂ ರಕ್ತಪೂರೈಕೆಯನ್ನು ಪರೀಕ್ಷಿಸಬಹುದು. ಉಗುರನ್ನು ಐದು ಸೆಕೆಂಡು ಅದುಮಿ ಬಿಟ್ಟರೆ ಬಿಳಿಚಿದ ಬಣ್ಣ ಎರಡು ಮೂರು ಸೆಕೆಂಡಿನೊಳಗೆ ಮರಳಬೇಕು. ಅದಕ್ಕಿಂತ ತಡವಾದರೆ, ಕೈ ತಣ್ಣಗಿದ್ದು ನಾಡಿ ಕ್ಷೀಣವಾಗಿ ವೇಗವಾಗಿದ್ದರೆ, ಅಂಕಿ ಏನೇ ಇರಲಿ, 108ಕ್ಕೆ ಕರೆ ಮಾಡತಕ್ಕದ್ದು.

ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಕೋವಿಡ್ ಕಾಲದಲ್ಲಿ ಬಂದ ಆಕ್ಸಿಮೀಟರುಗಳು ಎಲ್ಲಿವೆ, ಎಷ್ಟು ಕೆಲಸ ಮಾಡುತ್ತಿವೆ ಎಂಬುದನ್ನು ದಾಸ್ತಾನು ವಹಿಯೊಂದಿಗೆ ತಾಳೆ ನೋಡುವುದು. ಬಳಸದೆ ಇಟ್ಟಿರುವ ಉಪಕರಣಗಳಿಂದ ಬ್ಯಾಟರಿ ತೆಗೆದಿಡುವುದು. ಸೋರಿದ ಬ್ಯಾಟರಿ ಉಪಕರಣವನ್ನೇ ಹಾಳುಮಾಡುತ್ತದೆ.

2. ಕೆಲಸ ಮಾಡುವ ಉಪಕರಣಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದು, ಅಲ್ಲಿನ ಉಪಕರಣದೊಂದಿಗೆ ಒಬ್ಬರದೇ ಬೆರಳಿನಲ್ಲಿ ಹೋಲಿಸಿ ನೋಡುವುದು. ಒಳ್ಳೆಯ ಉಪಕರಣದಲ್ಲಿಯೂ ಎರಡು ಮೂರು ಅಂಕಿಯ ವ್ಯತ್ಯಾಸ ಸಹಜ. ಹೆಚ್ಚಿದ್ದರೆ ಬಳಕೆಯಿಂದ ತೆಗೆಯುವುದು.

3. ಹೊಸದಾಗಿ ಕೊಳ್ಳುವಾಗ ಪೊಟ್ಟಣದ ಮೇಲೆ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅನ್ವಯ ಪರವಾನಗಿ ಸಂಖ್ಯೆ ಇರುವುದನ್ನೂ, ಪಿ.ಐ. ತೋರಿಸುವುದನ್ನೂ ಖಚಿತಪಡಿಸಿಕೊಳ್ಳುವುದು. 2021ರ ಜುಲೈಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಆಕ್ಸಿಮೀಟರಿನ ವ್ಯಾಪಾರಿ ಲಾಭಾಂಶಕ್ಕೆ ಶೇ. 70ರ ಮಿತಿ ಹಾಕಿತ್ತು.

4. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿ ವರ್ಷಕ್ಕೆ ರೂ. 10,000ದವರೆಗೆ ಮುಕ್ತ ನಿಧಿ ಪಡೆಯುವ ಅವಕಾಶವಿರುವ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಬ್ಯಾಟರಿ, ದುರಸ್ತಿ ಮತ್ತು ತರಬೇತಿಯ ವಿಷಯವನ್ನು ಚರ್ಚಿಸುವುದು.

5. ಆಶಾ ಕಾರ್ಯಕರ್ತೆಯರ ವಹಿಯಲ್ಲಿ ಎಸ್.ಪಿ.ಒ.2 ಒಂದನ್ನೇ ಬರೆಯದೆ, ನಾಡಿ, ಪಿ.ಐ., ಯಾವ ಬೆರಳು, ಕೈ ಬೆಚ್ಚಗಿತ್ತೇ ತಣ್ಣಗಿತ್ತೇ, ನಿಮಿಷಕ್ಕೆ ಉಸಿರಾಟ ಎಷ್ಟು ಎಂಬುದನ್ನೂ ಬರೆಯಲು ಅಂಕಣ ಒದಗಿಸುವುದು.

6. ಗ್ರಾಮ ಸಭೆಯಲ್ಲಿ ಒಂದು ಮಾತನ್ನು ತಪ್ಪದೆ ಹೇಳುವುದು: ಅಂಕಿ ಕಡಿಮೆಯಿದ್ದರೆ ಆಸ್ಪತ್ರೆಗೆ ಹೋಗಬೇಕು, ಆದರೆ ಅಂಕಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಬಾರದು.

ಮಾನ್ಯ ಸದಸ್ಯರೇ, ಪ್ರತಿಯೊಂದು ವಾರ್ಡಿನಲ್ಲಿಯೂ ಕಾಯಿಲೆ ಬಿದ್ದವರ ಮನೆಗೆ ಮೊದಲು ಹೋಗುವವರಲ್ಲಿ ಸದಸ್ಯರೂ ಒಬ್ಬರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ದಾರಿಗಳು ಕೂಡುವ ಕೆ.ಬಿ. ಕ್ರಾಸಿನ ಸುತ್ತಲಿನ ಊರುಗಳಿಂದ ಆಸ್ಪತ್ರೆಗೆ ರಸ್ತೆಯಿದೆ, ವಾಹನವಿದೆ. ಹೊರಡಬೇಕೆಂಬ ನಿರ್ಧಾರವೇ ತಡವಾಗುವುದುಂಟು. ಆ ನಿರ್ಧಾರದ ಹೊತ್ತಿನಲ್ಲಿ ಸದಸ್ಯರು ರೋಗಿಯ ಕೈಯನ್ನು ಒಮ್ಮೆ ಮುಟ್ಟಿ ನೋಡಲಿ. ಉಪಕರಣ 98 ಎನ್ನುತ್ತಿರುವಾಗಲೂ ಆ ಕೈ ತಣ್ಣಗಿದ್ದು ಉಗುರಿನ ಬಣ್ಣ ಮರಳದಿದ್ದರೆ, ಬೆಳಗಿನವರೆಗೆ ಕಾಯದೆ ಆಗಲೇ ವಾಹನ ಹೊರಡಿಸಲಿ.